ಮೇಲಧಿಕಾರಿ ಬಸ್ ಹತ್ತಿದರೆ ಸಾಕೇ? ಕುಷಾಯಿಗೂಡ ಡಿಪೋದಿಂದ ಕರ್ನಾಟಕದ ಘಟಕಗಳವರೆಗೆ ಕಾಡುವ ಪ್ರಶ್ನೆ

ಹೈದರಾಬಾದ್: ನಗರದ ಈಶಾನ್ಯ ಅಂಚಿನಲ್ಲಿರುವ ಕುಷಾಯಿಗೂಡ ಕಾರ್ಖಾನೆಗಳ ಪ್ರದೇಶ. ಇಸಿಐಎಲ್, ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್, ಚೆರ್ಲಪಲ್ಲಿ ಕೈಗಾರಿಕಾ ಪ್ರದೇಶ ಎಲ್ಲವೂ ಇಲ್ಲೇ ಅಕ್ಕಪಕ್ಕ. ಇಲ್ಲಿನ ಕಾರ್ಮಿಕರನ್ನು, ವಿದ್ಯಾರ್ಥಿಗಳನ್ನು, ಆಸ್ಪತ್ರೆಗೆ ಹೊರಟವರನ್ನು ನಾಚಾರಂ, ತಾರ್ನಾಕ, ಕೋಠಿ ಮಾರ್ಗವಾಗಿ ಅಫ್ಜಲ್‌ಗಂಜ್‌ಗೆ ಕರೆದೊಯ್ಯುವ 3ಕೆ ಬಸ್ ಹೈದರಾಬಾದಿಗರಿಗೆ ಚಿರಪರಿಚಿತ. ಬಸ್ಸಿನ ಹೆಸರಿನಲ್ಲಿರುವ ‘ಕೆ’ ಎಲ್ಲರ ಬಾಯಲ್ಲೂ ಇದೆ. ಆದರೆ ಕುಷಾಯಿಗೂಡ ಡಿಪೋದ ಒಳಗೆ ಚಾಲಕ, ನಿರ್ವಾಹಕರ ದಿನ ಹೇಗೆ ಶುರುವಾಗುತ್ತದೆ ಎಂಬುದು ಹೆಚ್ಚಿನ ಪ್ರಯಾಣಿಕರಿಗೆ ಗೊತ್ತಿಲ್ಲ.

ಕಚೇರಿಗಳಲ್ಲಿ ನಾಯಕತ್ವದ ಬಗ್ಗೆ ಮಾತು ಬಂದಾಗಲೆಲ್ಲ ಐಟಿ ಕಂಪನಿ, ಸ್ಟಾರ್ಟಪ್, ತರಬೇತಿ ಶಿಬಿರಗಳೇ ಕಣ್ಣ ಮುಂದೆ ಬರುತ್ತವೆ. ವಾರಕ್ಕೆ 70 ಗಂಟೆ ದುಡಿಯಬೇಕೋ, 90 ಗಂಟೆಯೋ ಎಂಬ ಚರ್ಚೆಯೂ ಬಹುಪಾಲು ಅಲ್ಲೇ ಸುತ್ತಿತು. ಸಾವಿರಾರು ಜನ ನಸುಕಿನಲ್ಲೇ ಕೆಲಸಕ್ಕೆ ಇಳಿಯುವ ಸಾರಿಗೆ ಡಿಪೋ ಕೂಡ ಒಂದು ಕಚೇರಿ ಎಂಬುದು ನೆನಪಾಗುವುದು ಮುಷ್ಕರ ನಡೆದಾಗ ಅಥವಾ ಅಪಘಾತವಾದಾಗ ಮಾತ್ರ.

ಕಳೆದ ಆರೇಳು ವರ್ಷಗಳಲ್ಲಿ ತೆಲಂಗಾಣದ ರಸ್ತೆ ಸಾರಿಗೆ ಸಂಸ್ಥೆ ಎರಡು ಅತಿಗಳನ್ನು ಕಂಡಿದೆ. ಒಂದೇ ಮಾತಿನಲ್ಲಿ ಸುಮಾರು 48 ಸಾವಿರ ನೌಕರರು ‘ತಮ್ಮನ್ನು ತಾವೇ ವಜಾ ಮಾಡಿಕೊಂಡವರು’ ಎನಿಸಿಕೊಂಡರು. ಅದಾಗಿ ಎರಡು ವರ್ಷ ತುಂಬುವ ಮೊದಲೇ, ಸಾಮಾನ್ಯ ಪ್ರಯಾಣಿಕನಂತೆ ಬಸ್ ಹತ್ತುವ ವ್ಯವಸ್ಥಾಪಕ ನಿರ್ದೇಶಕರನ್ನೂ ಅದೇ ನೌಕರರು ಕಂಡರು. ಕೈಕೆಳಗಿನವರನ್ನು ನಡೆಸುವುದು ಎಂದರೇನು ಎಂಬ ಪ್ರಶ್ನೆಗೆ ಈ ಎರಡರ ನಡುವೆ ಉತ್ತರ ಹುಡುಕಬಹುದು. ಕರ್ನಾಟಕದ ನಾಲ್ಕು ಸಾರಿಗೆ ನಿಗಮಗಳಿಗೂ ಆ ಉತ್ತರ ಬೇಕಾಗಿದೆ.

ಗೇಟಿನ ಹೊರಗೆ ಕಳೆದ 52 ದಿನ

2019ರ ಅಕ್ಟೋಬರ್ 5ರಂದು ತೆಲಂಗಾಣ ಆರ್‌ಟಿಸಿ ನೌಕರರು 26 ಬೇಡಿಕೆಗಳನ್ನು ಮುಂದಿಟ್ಟು ಮುಷ್ಕರ ಶುರು ಮಾಡಿದರು. ಸಂಸ್ಥೆಯನ್ನು ಸರ್ಕಾರದಲ್ಲಿ ವಿಲೀನ ಮಾಡಬೇಕು ಎಂಬುದು ಮುಖ್ಯ ಬೇಡಿಕೆ. ಅಂದು ಸಂಜೆ 6 ಗಂಟೆಯೊಳಗೆ ಕೆಲಸಕ್ಕೆ ಬಾರದವರು ನೌಕರರೇ ಅಲ್ಲ ಎಂದು ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಸರ್ಕಾರ ಹೇಳಿತು. ಸೆಪ್ಟೆಂಬರ್ ತಿಂಗಳ ಸಂಬಳವೂ ಕೈಸೇರಲಿಲ್ಲ. ದಸರಾ, ದೀಪಾವಳಿ ಎರಡೂ ಹಬ್ಬ ಹಾಗೆಯೇ ಕಳೆದವು.

ಮುಷ್ಕರದ ಅವಧಿಯಲ್ಲಿ ಹಲವು ನೌಕರರು ಮೃತಪಟ್ಟರು. ಕೆಲವರು ತಾವೇ ಪ್ರಾಣ ಕಳೆದುಕೊಂಡರು. 52 ದಿನಗಳ ಬಳಿಕ, ನವೆಂಬರ್ 25ರಂದು ಜಂಟಿ ಕ್ರಿಯಾ ಸಮಿತಿ ಮುಷ್ಕರ ಕೈಬಿಟ್ಟಿತು. ಮರುದಿನ ಬೆಳಗ್ಗೆ ಡಿಪೋಗಳಿಗೆ ಬಂದ ನೌಕರರನ್ನು ಒಳಗೆ ಬಿಡಲಿಲ್ಲ. ಇಷ್ಟು ವರ್ಷ ತಾವೇ ಬಸ್ ಹೊರತೆಗೆದ ಗೇಟಿನ ಮುಂದೆ ಪೊಲೀಸರು ನಿಂತಿದ್ದರು. ನವೆಂಬರ್ 28ರಂದು ಮುಖ್ಯಮಂತ್ರಿ ಅನುಮತಿ ಕೊಟ್ಟ ಮೇಲಷ್ಟೇ ಎಲ್ಲರೂ ಕೆಲಸಕ್ಕೆ ಮರಳಿದರು.

ಡಿಸೆಂಬರ್ 1ರಂದು ಅದೇ ಮುಖ್ಯಮಂತ್ರಿ ರಾಜ್ಯದ 97 ಡಿಪೋಗಳ ನೌಕರ ಪ್ರತಿನಿಧಿಗಳನ್ನು ಪ್ರಗತಿ ಭವನಕ್ಕೆ ಕರೆಸಿ, ಊಟ ಹಾಕಿಸಿ, ಗಂಟೆಗಟ್ಟಲೆ ಮಾತನಾಡಿದರು. ನಿವೃತ್ತಿ ವಯಸ್ಸು 60ಕ್ಕೆ ಏರಿಕೆ, ಮುಷ್ಕರದ ದಿನಗಳಿಗೂ ಸಂಬಳ, ಮಹಿಳಾ ಸಿಬ್ಬಂದಿಯ ಕೆಲಸ ರಾತ್ರಿ 8ರೊಳಗೆ ಮುಗಿಸುವುದು, ಮೃತರ ಕುಟುಂಬದವರಿಗೆ ಉದ್ಯೋಗ ಮುಂತಾದ ಘೋಷಣೆಗಳು ಹೊರಬಿದ್ದವು. ಜೊತೆಗೆ ಇನ್ನೊಂದು ತೀರ್ಮಾನವೂ ಇತ್ತು: ಕಾರ್ಮಿಕ ಸಂಘಗಳ ಚುನಾವಣೆ ಸದ್ಯಕ್ಕಿಲ್ಲ, ಅವುಗಳ ಜಾಗದಲ್ಲಿ ಡಿಪೋ ಮಟ್ಟದ ಕಲ್ಯಾಣ ಮಂಡಳಿಗಳು.

ಕೊಟ್ಟದ್ದು ಸಣ್ಣದಲ್ಲ. ಆದರೆ ಅದು ಕೇಳಿ ಪಡೆದ ಹಕ್ಕಿನಂತೆ ಬರಲಿಲ್ಲ, ಮೇಲಿನಿಂದ ಬಂದ ಕೃಪೆಯಂತೆ ಬಂತು. ಒಂದು ದಿನ ಗೇಟು ಹಾಕಬಲ್ಲ ಕೈಯೇ ಇನ್ನೊಂದು ದಿನ ಊಟ ಬಡಿಸಿತು. ಇಂಥ ಜಾಗದಲ್ಲಿ ಕೆಲಸ ಮಾಡುವವರಿಗೆ ಎರಡೂ ನೆನಪಿನಲ್ಲಿ ಉಳಿಯುತ್ತವೆ.

ಹುಬ್ಬಳ್ಳಿಯಿಂದ ಬಂದ ಎಂಡಿ

ಹೀಗೆ ಬೆದರಿ, ಬೇಸತ್ತಿದ್ದ ಸಂಸ್ಥೆಗೆ 2021ರ ಸೆಪ್ಟೆಂಬರ್ 3ರಂದು ವ್ಯವಸ್ಥಾಪಕ ನಿರ್ದೇಶಕರಾಗಿ ಬಂದವರು ವಿ.ಸಿ. ಸಜ್ಜನರ. ಹುಬ್ಬಳ್ಳಿ ಮೂಲದ, 1996ರ ಬ್ಯಾಚಿನ ಐಪಿಎಸ್ ಅಧಿಕಾರಿ. ಅದಕ್ಕೂ ಮೊದಲು ಕನ್ನಡದ ಓದುಗರಿಗೆ ಅವರ ಹೆಸರು ಪರಿಚಯವಾದದ್ದು 2019ರ ಡಿಸೆಂಬರ್‌ನ ಎನ್‌ಕೌಂಟರ್‌ನಿಂದ. ಆಗ ಅವರು ಸೈಬರಾಬಾದ್ ಪೊಲೀಸ್ ಆಯುಕ್ತರು. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗ ಆ ಘಟನೆಯ ಬಗ್ಗೆ ಪೊಲೀಸರು ನೀಡಿದ ವಿವರಣೆಯನ್ನು ಒಪ್ಪಲಿಲ್ಲ. ಆ ವಿವಾದ ಬೇರೆಯೇ ಚರ್ಚೆ. ಸಾರಿಗೆ ಸಂಸ್ಥೆಯಲ್ಲಿ ಅವರು ಕಳೆದ ನಾಲ್ಕು ವರ್ಷಗಳನ್ನು ಅಲ್ಲಿ ನಡೆದ ಕೆಲಸದಿಂದಲೇ ಅಳೆಯಬೇಕು.

ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಅವರು ಲಕಡಿಕಾಪೂಲ್‌ನಲ್ಲಿ ಸಾಮಾನ್ಯ ಪ್ರಯಾಣಿಕನಂತೆ ಬಸ್ ಹತ್ತಿ, ಟಿಕೆಟ್ ಪಡೆದು ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ಹೋದದ್ದು ದೊಡ್ಡ ಸುದ್ದಿಯಾಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಹೈದರಾಬಾದ್ ಪೊಲೀಸ್ ಆಯುಕ್ತರಾಗಿ ವರ್ಗವಾದಾಗಲೂ ನಗರ ಬಸ್ಸಿನಲ್ಲೇ ಬಸ್ ಭವನಕ್ಕೆ ಬಂದು ವಿದಾಯ ಹೇಳಿದರು. ಎರಡೂ ಸಲ ಫೋಟೊಗಳು ಎಲ್ಲೆಡೆ ಹರಿದಾಡಿದವು.

ಫೋಟೊಗಳಾಚೆ ನೌಕರರ ಬದುಕಿಗೆ ತಾಗಿದ ಬದಲಾವಣೆಗಳು ಬೇರೆಯೇ ಇದ್ದವು. ಅವುಗಳಲ್ಲಿ ಮೂರನ್ನು ಮುಖ್ಯವಾಗಿ ಗುರುತಿಸಬಹುದು.

ಮೊದಲನೆಯದು ಸಂಬಳ. ಕೋವಿಡ್ ಮತ್ತು ಮುಷ್ಕರದ ಹೊಡೆತಕ್ಕೆ ಸಿಕ್ಕಿದ್ದ ಸಂಸ್ಥೆಯಲ್ಲಿ ಸಂಬಳ ತಡವಾಗುವುದು ಮಾಮೂಲಾಗಿತ್ತು. ಬಹಳ ಕಾಲದ ನಂತರ, 2021ರ ಅಕ್ಟೋಬರ್‌ನಲ್ಲಿ ತಿಂಗಳ ಮೊದಲ ದಿನವೇ ಸಂಬಳ ಬಂತು. ಮಕ್ಕಳ ಶುಲ್ಕ, ಮನೆ ಬಾಡಿಗೆ, ಸಾಲದ ಕಂತು ಎಲ್ಲವೂ ತಿಂಗಳ ಮೊದಲ ವಾರದಲ್ಲೇ ಕಟ್ಟಬೇಕಾದ ಮನೆಗೆ ಇದಕ್ಕಿಂತ ದೊಡ್ಡ ಪ್ರೋತ್ಸಾಹದ ಮಾತು ಬೇರೆ ಇಲ್ಲ.

ಎರಡನೆಯದು ಆರೋಗ್ಯ. 2022ರಲ್ಲಿ ‘ಗ್ರ್ಯಾಂಡ್ ಹೆಲ್ತ್ ಚಾಲೆಂಜ್’ ಹೆಸರಿನಲ್ಲಿ ಸಂಸ್ಥೆ ತನ್ನ ಸಿಬ್ಬಂದಿಗೆ ಡಿಪೋ ಮಟ್ಟದಲ್ಲೇ ವೈದ್ಯಕೀಯ ತಪಾಸಣೆ ನಡೆಸಿತು. ಕುಷಾಯಿಗೂಡದಿಂದ ನಗರದತ್ತ ಹೋಗುವ ದಾರಿಯಲ್ಲೇ ಸಿಗುವ ತಾರ್ನಾಕ ಆರ್‌ಟಿಸಿ ಆಸ್ಪತ್ರೆಯನ್ನು ಮೇಲ್ದರ್ಜೆಗೆ ಏರಿಸಲಾಯಿತು. ಎಂಟು ಗಂಟೆ ಎಂಜಿನ್ ಬಿಸಿಯ ಪಕ್ಕ ಕೂರುವ, ಹೊತ್ತಿಗೆ ಸರಿಯಾಗಿ ಊಟ, ಶೌಚ, ನಿದ್ದೆ ಇಲ್ಲದ ಚಾಲಕರಿಗೆ ರಕ್ತದೊತ್ತಡ, ಮಧುಮೇಹ ಬರುವುದು ಹೊಸತಲ್ಲ. ಸಂಸ್ಥೆಯೇ ಮುಂದೆ ಬಂದು ಪರೀಕ್ಷೆ ಮಾಡಿಸಿದ್ದು ಹೊಸತು.

ಮೂರನೆಯದು ಬೆಂಬಲ. ಕರ್ತವ್ಯದಲ್ಲಿದ್ದ ಚಾಲಕ ಅಥವಾ ನಿರ್ವಾಹಕರ ಮೇಲೆ ಹಲ್ಲೆ ನಡೆದಾಗಲೆಲ್ಲ ಎಂಡಿ ತಮ್ಮ ಹೆಸರಿನಲ್ಲೇ ಸಾರ್ವಜನಿಕವಾಗಿ ಖಂಡಿಸಿ, ಪೊಲೀಸ್ ದೂರು ದಾಖಲಾಗುವಂತೆ ನೋಡಿಕೊಂಡರು. 2023ರ ಡಿಸೆಂಬರ್ 9ರಂದು ಮಹಿಳೆಯರ ಉಚಿತ ಪ್ರಯಾಣದ ‘ಮಹಾಲಕ್ಷ್ಮಿ’ ಯೋಜನೆ ಶುರುವಾದ ಮೇಲೆ ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಿತು. ಸೀಟಿಗಾಗಿ ಜಗಳ, ಬಸ್ ನಿಲ್ಲಿಸಲಿಲ್ಲ ಎಂಬ ತಕರಾರು, ಗುರುತಿನ ಚೀಟಿಯ ವಾದ ಎಲ್ಲವೂ ಮೊದಲು ಬೀಳುವುದು ನಿರ್ವಾಹಕರ ಮೇಲೆ. ಯೋಜನೆ ಘೋಷಿಸಿದವರು ವೇದಿಕೆಯ ಮೇಲಿರುತ್ತಾರೆ, ಅದನ್ನು ಜಾರಿ ಮಾಡುವವರು ಬಾಗಿಲ ಬಳಿ ನಿಂತಿರುತ್ತಾರೆ. ಅವರ ಬೆನ್ನಿಗೆ ಸಂಸ್ಥೆ ಇದೆ ಎಂದು ಗೊತ್ತಾಗುವುದೇ ದೊಡ್ಡ ಧೈರ್ಯ.

ಇದೇ ಅವಧಿಯಲ್ಲಿ ಆದಾಯ ಹೆಚ್ಚಿಸಲು ನೂರು ದಿನಗಳ ಸವಾಲಿನಂಥ ಅಭಿಯಾನಗಳೂ ನಡೆದವು. ಗುರಿ ಮುಟ್ಟಿದ ಡಿಪೋಗಳಿಗೆ ಮೆಚ್ಚುಗೆ ಸಿಕ್ಕಿತು. ಕೆಲಸದ ಒತ್ತಡ ಹೆಚ್ಚಿದೆ, ಸಂಘಗಳಿಗೆ ದನಿ ಇಲ್ಲದಂತಾಗಿದೆ ಎಂಬ ದೂರೂ ಕಾರ್ಮಿಕ ಮುಖಂಡರಿಂದ ಕೇಳಿಬಂತು. ನೌಕರರನ್ನು ಸರ್ಕಾರಿ ಸೇವೆಗೆ ಸೇರಿಸುವ ಮಸೂದೆ 2023ರ ಆಗಸ್ಟ್‌ನಲ್ಲಿ ವಿಧಾನಸಭೆಯಲ್ಲಿ ಅಂಗೀಕಾರವಾಗಿ, ಸೆಪ್ಟೆಂಬರ್‌ನಲ್ಲಿ ರಾಜ್ಯಪಾಲರ ಅಂಕಿತವನ್ನೂ ಪಡೆಯಿತು. 43,373 ನೌಕರರಿಗೆ ಸಂಬಂಧಿಸಿದ ಆ ತೀರ್ಮಾನ ಜಾರಿಯಾಗದೆ ಉಳಿದ ಕಾರಣಕ್ಕೆ 2025ರ ಮೇ 7ರಿಂದ ಮತ್ತೆ ಮುಷ್ಕರದ ಕರೆ ಬಂತು. ಸಾರಿಗೆ ಸಚಿವ ಪೊನ್ನಂ ಪ್ರಭಾಕರ್ ಜೊತೆಗಿನ ಮಾತುಕತೆಯ ನಂತರ ಹಿಂದಿನ ದಿನವಷ್ಟೇ ಅದನ್ನು ಮುಂದೂಡಲಾಯಿತು. ಒಬ್ಬ ಅಧಿಕಾರಿ ಎಷ್ಟೇ ಚುರುಕಾಗಿದ್ದರೂ ಸರ್ಕಾರದ ಮಾತು ಕೆಳಗಿನವರೆಗೆ ತಲುಪದಿದ್ದರೆ ಏನಾಗುತ್ತದೆ ಎಂಬುದನ್ನು ಆ ವಾರ ತೋರಿಸಿತು.

ಅಳತೆಗೋಲು ತಪ್ಪಿದಾಗ: ಕೊಂಡಗಟ್ಟು

ಕೈಕೆಳಗಿನವರಿಗೆ ದಾರಿ ತೋರಿಸುವುದು ಎಂದರೆ ಯಾವುದಕ್ಕೆ ಶಾಭಾಶ್ ಹೇಳಬೇಕು, ಯಾವುದಕ್ಕೆ ಬೇಡ ಎಂದು ತಿಳಿದಿರುವುದೂ ಹೌದು. ಇದನ್ನು ತೆಲಂಗಾಣ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ.

2018ರ ಸೆಪ್ಟೆಂಬರ್ 11ರಂದು ಜಗಿತ್ಯಾಲ ಜಿಲ್ಲೆಯ ಕೊಂಡಗಟ್ಟು ಘಾಟಿಯಲ್ಲಿ ಆರ್‌ಟಿಸಿ ಬಸ್ ಕಂದಕಕ್ಕೆ ಉರುಳಿ 60ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಬಸ್ಸಿನಲ್ಲಿ ಮಿತಿ ಮೀರಿ ಜನರಿದ್ದರು. ಬಸ್ಸೂ ಹಳೆಯದು. ಚಾಲಕನೂ ಮೃತಪಟ್ಟರು. ಅಪಘಾತಕ್ಕೆ ಕೆಲವೇ ವಾರಗಳ ಮೊದಲು, ಸ್ವಾತಂತ್ರ್ಯ ದಿನಾಚರಣೆಯಂದು ಅದೇ ಚಾಲಕ ಇಂಧನ ಉಳಿತಾಯಕ್ಕಾಗಿ ಉತ್ತಮ ಚಾಲಕ ಪ್ರಶಸ್ತಿ ಪಡೆದಿದ್ದರು ಎಂದು ಆಗ ವರದಿಯಾಗಿತ್ತು. ಡಿಪೋ ಮ್ಯಾನೇಜರ್ ಅಮಾನತುಗೊಂಡರು.

ಸಾರಿಗೆ ಡಿಪೋಗಳಲ್ಲಿ ಮೂರು ಅಂಕಿಗಳು ಎಲ್ಲವನ್ನೂ ಆಳುತ್ತವೆ. ಪ್ರತಿ ಕಿಲೋಮೀಟರಿಗೆ ಬಂದ ಆದಾಯ, ಪ್ರತಿ ಲೀಟರ್ ಡೀಸೆಲ್‌ಗೆ ಓಡಿದ ಕಿಲೋಮೀಟರ್, ಎಷ್ಟು ಸೀಟು ತುಂಬಿತು ಎಂಬ ಪ್ರಮಾಣ. ಡಿಪೋ ಮ್ಯಾನೇಜರ್ ಮೇಲಧಿಕಾರಿಗಳ ಸಭೆಯಲ್ಲಿ ಉತ್ತರಿಸಬೇಕಾದದ್ದು ಈ ಮೂರಕ್ಕೇ. ಹಾಗಾಗಿ ಗೋಡೆಯ ಮೇಲಿನ ಪಟ್ಟಿಯಲ್ಲಿ ಹೆಚ್ಚು ಡೀಸೆಲ್ ಉಳಿಸಿದವರ ಹೆಸರು ಮೇಲೆ ಇರುತ್ತದೆ, ಕಡಿಮೆ ಉಳಿಸಿದವರಿಗೆ ಕರೆ ಬರುತ್ತದೆ.

ಉಳಿತಾಯ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಬ್ರೇಕ್ ಸರಿಯಿಲ್ಲ ಎಂದು ಬಸ್ ನಿಲ್ಲಿಸಿದ ಚಾಲಕನಿಗೆ, ಜನ ಹೆಚ್ಚಾದರು ಎಂದು ಇನ್ನೊಂದು ಬಸ್ ಕೇಳಿದ ನಿರ್ವಾಹಕನಿಗೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ. ನಡೆಯದ ಅಪಘಾತಕ್ಕೆ ಅಂಕಿ ಇಲ್ಲ. ಅಂಕಿಯಲ್ಲಿ ಕಾಣದ್ದನ್ನೂ ಗುರುತಿಸಿ ಶಾಭಾಶ್ ಹೇಳುವ ಕೆಲಸ ಮೇಲಿರುವವರದ್ದು.

ತಪ್ಪು ಹೇಳಿಕೊಳ್ಳಲು ಹೆದರದ ತಂಡ

ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡ್‌ಗಳಲ್ಲಿ ಔಷಧ ನೀಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಮುಖ್ಯಸ್ಥರಿರುವ ವಾರ್ಡ್‌ಗಳಲ್ಲಿ ತಪ್ಪು ಕಡಿಮೆ ಇರಬಹುದು ಎಂಬುದು ನಿರೀಕ್ಷೆ. ಲೆಕ್ಕ ತಿರುಗುಮುರುಗಾಗಿತ್ತು. ಒಳ್ಳೆಯ ವಾರ್ಡ್‌ಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು.

ಕಾರಣ ಹುಡುಕಿದಾಗ ಸಿಕ್ಕ ಉತ್ತರ ಸರಳ. ಅಲ್ಲಿ ಹೆಚ್ಚು ತಪ್ಪು ನಡೆಯುತ್ತಿತ್ತು ಎಂದಲ್ಲ, ಆದ ತಪ್ಪನ್ನು ಹೇಳಿಕೊಳ್ಳಲು ಯಾರಿಗೂ ಹೆದರಿಕೆ ಇರಲಿಲ್ಲ. ಗದರುವ ಮುಖ್ಯಸ್ಥರಿದ್ದ ಕಡೆ ತಪ್ಪುಗಳು ಪುಸ್ತಕಕ್ಕೇ ಬರುತ್ತಿರಲಿಲ್ಲ. 1999ರಲ್ಲಿ ಪ್ರಕಟವಾದ ಅವರ ಮುಂದಿನ ಪ್ರಬಂಧದಿಂದ ಈ ವಿಚಾರ ಜಗತ್ತಿನಾದ್ಯಂತ ಚರ್ಚೆಗೆ ಬಂತು.

ಡಿಪೋಗೆ ಇದನ್ನು ಹೊಂದಿಸಿ ನೋಡಿದರೆ ಅರ್ಥ ಇನ್ನೂ ಸ್ಪಷ್ಟ. ಪಾಳಿ ಮುಗಿಸಿ ಬಂದ ಚಾಲಕ ಬಸ್ಸಿನ ದೋಷವನ್ನು ಬರೆದಿಡಬೇಕು. ಸ್ಟೇರಿಂಗ್ ಎಳೆಯುತ್ತಿದೆ, ಬ್ರೇಕ್ ಸಡಿಲ, ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಎಂದು ಬರೆದವನಿಗೆ ‘ನಿನಗೊಬ್ಬನಿಗೇ ಯಾಕಪ್ಪಾ ಇಷ್ಟು ತೊಂದರೆ’ ಎಂಬ ಉತ್ತರ ಎರಡು ಸಲ ಸಿಕ್ಕರೆ ಮೂರನೇ ಸಲ ಅವನು ಬರೆಯುವುದಿಲ್ಲ. ದಾಖಲೆ ಸ್ವಚ್ಛವಾಗಿ ಕಾಣುತ್ತದೆ. ಬಸ್ ಮಾತ್ರ ಹಾಗೆಯೇ ರಸ್ತೆಗೆ ಇಳಿಯುತ್ತದೆ.

ತಲೆಸುತ್ತು ಬರುತ್ತಿದೆ, ರಾತ್ರಿ ನಿದ್ದೆಯಾಗಿಲ್ಲ, ಇಂದು ಓಡಿಸಲಾರೆ ಎಂದು ಹೇಳುವುದೂ ಅಷ್ಟೇ ಕಷ್ಟ. ಅದನ್ನು ನೆಪ ಎಂದು ನೋಡುವ ಕಡೆ ಯಾರೂ ಬಾಯಿ ಬಿಡುವುದಿಲ್ಲ. 50–60 ಜನರ ಪ್ರಾಣ ಆ ಮೌನದ ಮೇಲೆ ನಿಂತಿರುತ್ತದೆ.

ಪಕ್ಕದ ಬಡಾವಣೆಗೆ ಬಂದ ಹೆಸರು

ಕುಷಾಯಿಗೂಡದ ಪಕ್ಕದಲ್ಲೇ ನಾಯಕತ್ವದ ಇನ್ನೊಂದು ನೆನಪು ಇದೆ. ಇಸಿಐಎಲ್ ಕ್ರಾಸ್‌ರೋಡ್ಸ್ ದಾಟಿದರೆ ಸಿಗುವ ಡಾ. ಎ.ಎಸ್. ರಾವ್ ನಗರ ಮೂಲತಃ ಇಸಿಐಎಲ್ ನೌಕರರಿಗಾಗಿ ರೂಪುಗೊಂಡ ಬಡಾವಣೆ. ಅಯ್ಯಗಾರಿ ಸಾಂಬಶಿವ ರಾವ್ ಆ ಸಂಸ್ಥೆಯ ಸ್ಥಾಪಕ ವ್ಯವಸ್ಥಾಪಕ ನಿರ್ದೇಶಕರು. ಹೋಮಿ ಭಾಭಾ ಅವರ ಜೊತೆ ಕೆಲಸ ಮಾಡಿದ ವಿಜ್ಞಾನಿ. 1965ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, 1972ರಲ್ಲಿ ಪದ್ಮಭೂಷಣ ಪಡೆದವರು.

1967ರಲ್ಲಿ ಇಸಿಐಎಲ್ ಆರಂಭವಾದಾಗ ದೇಶದಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮ ಇನ್ನೂ ಅಂಬೆಗಾಲಿಡುತ್ತಿತ್ತು. ಪ್ರಯೋಗಾಲಯದಲ್ಲಿ ಕಲಿತದ್ದನ್ನು ಕಾರ್ಖಾನೆಯಲ್ಲಿ ತಯಾರಿಸಬೇಕಿತ್ತು, ಅದಕ್ಕೆ ಬೇಕಾದ ತಂಡವನ್ನು ಇಲ್ಲೇ ಬೆಳೆಸಬೇಕಿತ್ತು. ಎರಡೇ ವರ್ಷದಲ್ಲಿ, 1969ರಲ್ಲಿ, ಟಿಡಿಸಿ-12 ಕಂಪ್ಯೂಟರ್ ಹೊರಬಂತು. ಮುಂದೆ ಬೆಂಗಳೂರಿನ ಬಿಇಎಲ್ ಜೊತೆಗೆ ದೇಶದ ಮತಯಂತ್ರಗಳನ್ನು ತಯಾರಿಸಿದ್ದೂ ಇದೇ ಇಸಿಐಎಲ್.

ಅಧಿಕಾರಿಗಳ ಹೆಸರಿನ ಫಲಕಗಳು ನಿವೃತ್ತಿಯ ದಿನವೇ ಕೆಳಗಿಳಿಯುತ್ತವೆ. ಸಂಸ್ಥೆಯ ಮುಖ್ಯಸ್ಥರ ಹೆಸರು ನೌಕರರ ಮನೆ ವಿಳಾಸದಲ್ಲಿ ಉಳಿಯುವುದು ಅಪರೂಪ. ಕೈಹಿಡಿದು ಕೆಲಸ ಕಲಿಸಿದವರನ್ನು ಜನ ಮರೆಯುವುದಿಲ್ಲ ಎಂಬುದಕ್ಕೆ ಆ ಬಡಾವಣೆಯ ಫಲಕಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಕರ್ನಾಟಕದ ಘಟಕಗಳಲ್ಲಿ ಏನಾಗುತ್ತಿದೆ?

ತೆಲಂಗಾಣದ ಡಿಪೋ ಮ್ಯಾನೇಜರ್ ಕರ್ನಾಟಕದಲ್ಲಿ ಘಟಕ ವ್ಯವಸ್ಥಾಪಕ. ಹೆಸರು ಬೇರೆ, ಕುರ್ಚಿ ಒಂದೇ. ಕೆಎಸ್ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಮತ್ತು ಕಲ್ಯಾಣ ಕರ್ನಾಟಕ ನಿಗಮಗಳಲ್ಲಿ ಸೇರಿ 1 ಲಕ್ಷಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದಾರೆ. ಇಲ್ಲಿಯೂ ಮುಷ್ಕರದ ನೆನಪುಗಳು ಹಸಿಯಾಗಿವೆ.

2021ರ ಏಪ್ರಿಲ್ 7ರಿಂದ ಎರಡು ವಾರ ನಡೆದ ಮುಷ್ಕರದಲ್ಲಿ ಆರನೇ ವೇತನ ಆಯೋಗದ ಶಿಫಾರಸು ಜಾರಿಯೇ ಮುಖ್ಯ ಬೇಡಿಕೆಯಾಗಿತ್ತು. ಆಗ ಸಾವಿರಾರು ನೌಕರರು ವಜಾ, ಅಮಾನತು, ವರ್ಗಾವಣೆ ಎದುರಿಸಿದರು. 2025ರ ಆಗಸ್ಟ್ 5ರಂದು ಮತ್ತೆ ಬಸ್ಸುಗಳು ನಿಂತವು. 38 ತಿಂಗಳ ವೇತನ ಹಿಂಬಾಕಿ ಮತ್ತು 2024ರ ಜನವರಿಯಿಂದ ಅನ್ವಯವಾಗುವ ವೇತನ ಪರಿಷ್ಕರಣೆ ಆ ದಿನದ ಬೇಡಿಕೆಗಳು. ಹೈಕೋರ್ಟ್ ಮಧ್ಯಪ್ರವೇಶದ ನಂತರ ಅಂದೇ ಮುಷ್ಕರ ಸ್ಥಗಿತವಾಯಿತು. 2023ರ ಜೂನ್ 11ರಿಂದ ಜಾರಿಯಲ್ಲಿರುವ ‘ಶಕ್ತಿ’ ಯೋಜನೆಯಿಂದ ಪ್ರಯಾಣಿಕರ ಸಂಖ್ಯೆ ಏರಿತು, ಕೆಲಸದ ಭಾರವೂ ಏರಿತು.

ಒಳ್ಳೆಯ ಹೆಜ್ಜೆಗಳೂ ಇವೆ. ಅಪಘಾತದಲ್ಲಿ ಮೃತಪಟ್ಟ ಸಿಬ್ಬಂದಿಯ ಕುಟುಂಬಕ್ಕೆ 1 ಕೋಟಿ ರೂಪಾಯಿ ವಿಮಾ ಪರಿಹಾರ ಕೊಡುವ ವ್ಯವಸ್ಥೆಯನ್ನು ಕೆಎಸ್ಆರ್‌ಟಿಸಿ ತಂದಿದೆ. 2025ರ ಜನವರಿ 6ರಂದು ನೌಕರರು ಮತ್ತು ಅವರ ಕುಟುಂಬದವರಿಗೆ ನಗದುರಹಿತ ಚಿಕಿತ್ಸೆ ನೀಡುವ ‘ಕೆಎಸ್ಆರ್‌ಟಿಸಿ ಆರೋಗ್ಯ’ ಯೋಜನೆಗೆ ಚಾಲನೆ ಸಿಕ್ಕಿತು. ಜಯದೇವ ಹೃದ್ರೋಗ ಸಂಸ್ಥೆಯ ಜೊತೆಗಿನ ಒಪ್ಪಂದದಿಂದ ಚಾಲಕರ ಹೃದಯ ತಪಾಸಣೆಯೂ ನಡೆಯುತ್ತಿದೆ.

ಇದರ ಅಗತ್ಯ ಎಷ್ಟೆಂಬುದನ್ನು 2024ರ ನವೆಂಬರ್ 6ರ ಘಟನೆ ಹೇಳುತ್ತದೆ. ನೆಲಮಂಗಲ ಬಳಿ ಬಿಎಂಟಿಸಿ ಬಸ್ ಓಡಿಸುತ್ತಿದ್ದಾಗಲೇ ಹೃದಯಾಘಾತದಿಂದ ಚಾಲಕ ಕುಸಿದರು. ನಿರ್ವಾಹಕ ಚಾಲಕನ ಸೀಟಿಗೆ ಧಾವಿಸಿ ಬಸ್ ನಿಲ್ಲಿಸಿದರು. ಬಸ್ಸಿನ ಸಿಸಿಟಿವಿ ದೃಶ್ಯ ದೇಶವೆಲ್ಲ ನೋಡಿತು. ಪ್ರಯಾಣಿಕರು ಬದುಕುಳಿದರು, ಚಾಲಕ ಉಳಿಯಲಿಲ್ಲ. ಆ ದೃಶ್ಯದಲ್ಲಿ ಎಲ್ಲರೂ ನಿರ್ವಾಹಕರ ಸಮಯಪ್ರಜ್ಞೆಯನ್ನು ಕಂಡರು. ನಲವತ್ತರ ಆಸುಪಾಸಿನ ಚಾಲಕರ ಎದೆಯಲ್ಲಿ ಏನು ನಡೆಯುತ್ತಿದೆ ಎಂದು ಅದಕ್ಕೂ ಮೊದಲೇ ಕೇಳಬೇಕಾದವರು ಯಾರು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಯಾಗಲಿಲ್ಲ.

2025ರ ಫೆಬ್ರವರಿ 21ರಂದು ಬೆಳಗಾವಿ ಸಮೀಪ ಭಾಷೆಯ ಕಾರಣಕ್ಕೆ ವಾಯವ್ಯ ಸಾರಿಗೆಯ ನಿರ್ವಾಹಕರೊಬ್ಬರ ಮೇಲೆ ಹಲ್ಲೆಯಾಯಿತು. ಬಳಿಕ ಅವರ ವಿರುದ್ಧವೇ ಪೋಕ್ಸೊ ದೂರು ದಾಖಲಾಯಿತು. ಸಾರಿಗೆ ಸಚಿವ ರಾಮಲಿಂಗಾ ರೆಡ್ಡಿ ಆಸ್ಪತ್ರೆಗೆ ಹೋಗಿ ಅವರನ್ನು ಭೇಟಿಯಾದರು. ದೂರು ನೀಡಿದವರು ನಂತರ ಅದನ್ನು ಹಿಂಪಡೆಯುವುದಾಗಿ ಹೇಳಿದರು. ಎರಡು ರಾಜ್ಯಗಳ ನಡುವಿನ ವಿವಾದವಾದ ಕಾರಣ ಆ ನಿರ್ವಾಹಕರ ಪರವಾಗಿ ದನಿಗಳು ಎದ್ದವು. ಸುದ್ದಿಯಾಗದ ದೂರುಗಳಲ್ಲಿ, ಚಿಲ್ಲರೆ ಜಗಳಗಳಲ್ಲಿ, ತನಿಖಾ ಸಿಬ್ಬಂದಿ ಬರೆದ ಪ್ರಕರಣಗಳಲ್ಲಿ ನಿರ್ವಾಹಕನ ಮಾತನ್ನು ಮೊದಲು ಕೇಳುವವರು ಘಟಕ ವ್ಯವಸ್ಥಾಪಕರು ಮಾತ್ರ. ಅವರು ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.

ಘಟಕದ ಮುಖ್ಯಸ್ಥರ ಕೈಯಲ್ಲಿ ಏನಿದೆ?

ವೇತನ ಪರಿಷ್ಕರಣೆ ಅವರ ಕೈಯಲ್ಲಿಲ್ಲ. ಹೊಸ ಬಸ್ ಖರೀದಿ, ನೇಮಕಾತಿಯೂ ಇಲ್ಲ. ಹಾಗಿದ್ದರೂ ನೌಕರನ ದಿನವನ್ನು ಹಗುರ ಮಾಡುವ ಅಥವಾ ನರಕ ಮಾಡುವ ಹಲವು ವಿಷಯಗಳು ಅವರ ಮೇಜಿನ ಮೇಲೇ ತೀರ್ಮಾನವಾಗುತ್ತವೆ.

• ರಜೆ: ತಂಗಿಯ ಮದುವೆ, ಊರಿನ ಜಾತ್ರೆ, ತಾಯಿಯ ಆಸ್ಪತ್ರೆ. ರಜೆ ಕೇಳುವವರ ಕಾರಣಗಳು ಹೆಚ್ಚಾಗಿ ಇಷ್ಟೇ. ರಜೆ ಸಿಗಲಿಲ್ಲ, ಕಿರುಕುಳ ಆಯಿತು ಎಂಬ ಆರೋಪಗಳು ಘಟಕಗಳಿಂದ ಮತ್ತೆ ಮತ್ತೆ ಕೇಳಿಬಂದಿವೆ. ಯಾರಿಗೆ ಎಷ್ಟು ರಜೆ ಬಾಕಿ, ಯಾರ ಅರ್ಜಿ ಮೊದಲು ಬಂತು ಎಂಬುದು ಎಲ್ಲರಿಗೂ ಕಾಣುವಂತಿದ್ದರೆ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ.

• ಪಾಳಿ: ಯಾವ ಮಾರ್ಗ ಯಾರಿಗೆ ಎಂಬುದು ಸಣ್ಣ ವಿಷಯವಲ್ಲ. ಸುಲಭದ ಮಾರ್ಗ ಕೆಲವರಿಗೇ ಮೀಸಲಾದರೆ ಉಳಿದವರ ಮನಸ್ಸು ಮುರಿಯುತ್ತದೆ. ಸರದಿಯ ಪ್ರಕಾರ ಹಂಚುವ, ಆ ಸರದಿಯನ್ನು ತಾವೂ ಮುರಿಯದ ಮುಖ್ಯಸ್ಥರಿಗೆ ಗೌರವ ತಾನಾಗಿ ಬರುತ್ತದೆ.

• ವಿಶ್ರಾಂತಿ: 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿತ್ತು. 5 ಗಂಟೆ ಸತತ ದುಡಿಮೆಯ ನಂತರ ಕನಿಷ್ಠ ಅರ್ಧ ಗಂಟೆ ಬಿಡುವು ಇರಬೇಕು ಎಂದೂ ಹೇಳಿತ್ತು. ಟ್ರಾಫಿಕ್‌ನಲ್ಲಿ ಒಂದು ಟ್ರಿಪ್ ತಡವಾದರೆ ಮೊದಲು ಕರಗುವುದು ಈ ಅರ್ಧ ಗಂಟೆಯೇ. ವಾಸ್ತವದ ಸಂಚಾರ ಸಮಯ ನೋಡಿ ವೇಳಾಪಟ್ಟಿ ತಿದ್ದುವಂತೆ ಮೇಲಕ್ಕೆ ಬರೆಯುವುದು ಘಟಕದ ಕೆಲಸ.

• ಶೌಚಾಲಯ, ನೀರು, ಮಲಗುವ ಕೋಣೆ: ಕೊನೆಯ ನಿಲ್ದಾಣದಲ್ಲಿ ಶೌಚಾಲಯ ಇಲ್ಲದ ಕಾರಣ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಮಹಿಳಾ ನಿರ್ವಾಹಕರ ಕಷ್ಟ ಯಾವ ಆದಾಯದ ಪಟ್ಟಿಯಲ್ಲೂ ಕಾಣುವುದಿಲ್ಲ. ರಾತ್ರಿ ತಂಗುವ ಬಸ್ಸಿನ ಸಿಬ್ಬಂದಿ ಎಲ್ಲಿ ಮಲಗುತ್ತಾರೆ ಎಂದು ಒಮ್ಮೆ ಹೋಗಿ ನೋಡಿದ ಅಧಿಕಾರಿಗೆ ಬೇರೆ ವರದಿ ಬೇಕಾಗುವುದಿಲ್ಲ.

• ಗದರಿಕೆ: ತಪ್ಪು ಮಾಡಿದವರನ್ನು ಕೋಣೆಗೆ ಕರೆದು ಹೇಳುವುದಕ್ಕೂ ಎಲ್ಲರ ಮುಂದೆ ಏಕವಚನದಲ್ಲಿ ಬೈಯುವುದಕ್ಕೂ ಬಹಳ ಅಂತರವಿದೆ. ಬೈಸಿಕೊಂಡ ಅದೇ ಚಾಲಕ ಹತ್ತು ನಿಮಿಷದಲ್ಲಿ ಬಸ್ ತೆಗೆದುಕೊಂಡು ರಸ್ತೆಗೆ ಇಳಿಯಬೇಕು ಎಂಬುದನ್ನು ಮರೆಯುವಂತಿಲ್ಲ.

ಈ ಪಟ್ಟಿಯಲ್ಲಿರುವ ಯಾವುದಕ್ಕೂ ದೊಡ್ಡ ಹಣ ಬೇಕಿಲ್ಲ, ಶೌಚಾಲಯ ಮತ್ತು ವಿಶ್ರಾಂತಿ ಕೋಣೆಯ ಹೊರತು. ಬೇಕಿರುವುದು ಗಮನ ಮತ್ತು ಸಮಯ. ಆದರೆ ಘಟಕ ವ್ಯವಸ್ಥಾಪಕರ ಮೇಲೂ ಒತ್ತಡವಿದೆ. ಸಿಬ್ಬಂದಿ ಕೊರತೆಯಿದ್ದಾಗ ರಜೆ ಕೊಟ್ಟರೆ ಬಸ್ ನಿಲ್ಲುತ್ತದೆ, ಬಸ್ ನಿಂತರೆ ಮೇಲಿನಿಂದ ನೋಟಿಸ್ ಬರುತ್ತದೆ. ಕೆಳಗಿನವರನ್ನು ಮನುಷ್ಯರಂತೆ ನೋಡಿ ಎಂದು ಅವರಿಗೆ ಹೇಳುವ ನಿಗಮ, ಅವರನ್ನು ಅಂಕಿಯಿಂದಷ್ಟೇ ಅಳೆದರೆ ಆ ಮಾತಿಗೆ ಬೆಲೆ ಇರುವುದಿಲ್ಲ. ಮೇಲಿನ ಕುರ್ಚಿ ಕೆಳಗಿನ ಕುರ್ಚಿಯನ್ನು ಹೇಗೆ ನಡೆಸಿಕೊಳ್ಳುತ್ತದೋ, ಆ ಕೆಳಗಿನ ಕುರ್ಚಿ ತನ್ನ ಕೆಳಗಿನವರನ್ನು ಹಾಗೆಯೇ ನಡೆಸಿಕೊಳ್ಳುತ್ತದೆ.

ವ್ಯಕ್ತಿ ಹೋದ ಮೇಲೆ ಉಳಿಯುವುದೇನು?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಲ್ಲಿ ಜಾರಿಗೆ ಬಂದವು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಈಗ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೊಳಗೆ ಸೇರಿದೆ. 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಕೊಡಬೇಕು ಎಂಬುದು ಕೇಂದ್ರ ಸರ್ಕಾರ ಹೇಳುತ್ತಿರುವ ಮುಖ್ಯ ಅಂಶಗಳಲ್ಲೊಂದು. ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳ ಆಕ್ಷೇಪಗಳು ಹಲವಿವೆ. ಆರೋಗ್ಯ ತಪಾಸಣೆಯ ವಿಷಯದಲ್ಲಿ ಮಾತ್ರ, ಒಬ್ಬ ಎಂಡಿಯ ಉತ್ಸಾಹದಿಂದ ನಡೆದ ಕೆಲಸ ಕಾನೂನಿನ ಕರ್ತವ್ಯವಾಗಿ ಬದಲಾಗುವ ಅವಕಾಶ ಇಲ್ಲಿದೆ. ಅದು ಕಾಗದದ ಮೇಲಿನ ಟಿಕ್ ಗುರುತಾಗಿ ಮುಗಿಯುತ್ತದೋ, ಚಾಲಕನ ರಕ್ತದೊತ್ತಡ ನೋಡಿ ಪಾಳಿ ಬದಲಿಸುವ ಮಟ್ಟಕ್ಕೆ ಹೋಗುತ್ತದೋ ಎಂಬುದು ಮತ್ತೆ ಘಟಕದ ಮೇಜಿನ ಮೇಲೇ ನಿರ್ಧಾರವಾಗುತ್ತದೆ.

ಸಜ್ಜನರ ಅವರ ನಂತರ ವೈ. ನಾಗಿರೆಡ್ಡಿ ತೆಲಂಗಾಣ ಆರ್‌ಟಿಸಿಯ ಹೊಣೆ ಹೊತ್ತರು. ಅಧಿಕಾರಿಗಳು ಬದಲಾಗುತ್ತಲೇ ಇರುತ್ತಾರೆ. ಒಂದನೇ ತಾರೀಖಿನ ಸಂಬಳ ಅಭ್ಯಾಸವಾಗಿ ಉಳಿದರೆ, ತಪಾಸಣೆ ಪ್ರತಿ ವರ್ಷ ನಡೆದರೆ, ಹಲ್ಲೆಯಾದಾಗ ದೂರು ಕೊಡುವುದು ಯಾರ ಅಪ್ಪಣೆಗೂ ಕಾಯದ ನಿಯಮವಾದರೆ ಆ ನಾಲ್ಕು ವರ್ಷ ಸಾರ್ಥಕ. ಅವೆಲ್ಲ ವ್ಯಕ್ತಿಯ ಜೊತೆಗೇ ಹೊರಟುಹೋದರೆ ಉಳಿಯುವುದು ಬಸ್ ಹತ್ತಿದ ಫೋಟೊ ಮಾತ್ರ.

ಇನ್ನೊಂದು ಲೆಕ್ಕವೂ ಬಾಕಿ ಇದೆ. ತೆಲಂಗಾಣದಲ್ಲಿ ಆರ್‌ಟಿಸಿ ಕಾರ್ಮಿಕ ಸಂಘಗಳ ಮಾನ್ಯತೆಗಾಗಿ ಕೊನೆಯ ಸಲ ಚುನಾವಣೆ ನಡೆದದ್ದು 2016ರಲ್ಲಿ. ಒಳ್ಳೆಯ ಮೇಲಧಿಕಾರಿ ಇದ್ದಾಗ ಸಂಘ ಯಾಕೆ ಎಂದು ಕೇಳುವವರಿದ್ದಾರೆ. ಮೇಲಧಿಕಾರಿ ಒಳ್ಳೆಯವರಲ್ಲದ ದಿನಕ್ಕಾಗಿ ಎಂಬುದೇ ಅದಕ್ಕೆ ಉತ್ತರ. 2019ರ ನವೆಂಬರ್‌ನಲ್ಲಿ ಗೇಟಿನ ಹೊರಗೆ ನಿಂತಿದ್ದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕುಷಾಯಿಗೂಡದಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ, ಕಲಬುರಗಿಯಲ್ಲಾಗಲಿ ನಸುಕಿನ ಮೊದಲ ಬಸ್ ಹೊರಡುವ ಮೊದಲು ಒಂದು ಸಣ್ಣ ಮಾತುಕತೆ ನಡೆಯುತ್ತದೆ. ಚಾಲಕ ಸಹಿ ಹಾಕುತ್ತಾನೆ, ಎದುರಿಗಿರುವವರು ಬಸ್ಸಿನ ಸಂಖ್ಯೆ ಹೇಳುತ್ತಾರೆ. ‘ನಿದ್ದೆ ಆಯ್ತಾ, ಗಾಡಿ ಸರಿ ಇದೆಯಾ’ ಎಂದು ಆಗ ಒಬ್ಬರು ಕೇಳಿದರೆ, ಇಲ್ಲ ಎಂಬ ಉತ್ತರವನ್ನೂ ಸಿಟ್ಟಿಲ್ಲದೆ ಕೇಳಿಸಿಕೊಂಡರೆ, ಆ ಬಸ್ಸಿನಲ್ಲಿ ಕೂರುವ ಪ್ರಯಾಣಿಕರು ಸ್ವಲ್ಪ ಹೆಚ್ಚು ಸುರಕ್ಷಿತ.